ಉರುವಲು ಮಳೆಗಾಲದ್ದು, ಬೆಂಕಿ ಬೇಸಿಗೆಯದ್ದು: ಬಂಡೀಪುರದ ಬರ ಮತ್ತು ಕಾಡ್ಗಿಚ್ಚಿನ ಲೆಕ್ಕ

2019ರ ಫೆಬ್ರುವರಿ 21ರಿಂದ ಸುಮಾರು ಐದು ದಿನ ಬಂಡೀಪುರ ಉರಿಯಿತು. ಗೋಪಾಲಸ್ವಾಮಿ ಬೆಟ್ಟದ ಮಗ್ಗುಲು, ಕುಂದಕೆರೆ ವಲಯ, ಅದರಾಚೆಯ ಗುಡ್ಡಗಳು ಸೇರಿ ಹತ್ತು ಸಾವಿರ ಎಕರೆಗೂ ಮೀರಿದ ಕಾಡು ಕಪ್ಪಾಯಿತು. 25ರಂದು ಸೂಲೂರಿನಿಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಂದು ಬಕೆಟ್ಟಿನಲ್ಲಿ ನೀರು ಹೊತ್ತು ಸುರಿದದ್ದು ಟೀವಿ ನೋಡಿದವರಿಗೆಲ್ಲ ನೆನಪಿದೆ. ಆಗಿನ ಚರ್ಚೆಯೆಲ್ಲ ಬೆಂಕಿ ಹಚ್ಚಿದವರು ಯಾರು ಎಂಬಲ್ಲಿಗೆ ಬಂದು ನಿಂತಿತು. ಕೇಳಬೇಕಾದ ಪ್ರಶ್ನೆಯೇ ಅದು, ಆದರೆ ಅದೊಂದೇ ಸಾಲದು. ಕಿಡಿ ಪ್ರತಿ ಬೇಸಿಗೆಯಲ್ಲೂ ಬೀಳುತ್ತದೆ. ಒಂದು ವರ್ಷ ಅದು ನಾಲ್ಕು ಎಕರೆ ಸುಟ್ಟು ಸಾಯುತ್ತದೆ, ಇನ್ನೊಂದು ವರ್ಷ ವಲಯಗಳನ್ನೇ ದಾಟುತ್ತದೆ. ಈ ವ್ಯತ್ಯಾಸ ತೀರ್ಮಾನವಾಗುವುದು ಕಿಡಿ ಬಿದ್ದ ದಿನವಲ್ಲ. ಅದಕ್ಕೂ ಎಂಟು ತಿಂಗಳು ಮುಂಚೆ, ಮಳೆಗಾಲದಲ್ಲಿ.

2018ನ್ನೇ ನೋಡಿ. ಆ ವರ್ಷ ಆಗಸ್ಟಿನಲ್ಲಿ ಕೊಡಗು, ವಯನಾಡು ಮುಳುಗುವಷ್ಟು ಮಳೆ. ಅದರ ಪಕ್ಕದಲ್ಲೇ ಇರುವ ಬಂಡೀಪುರ, ನಾಗರಹೊಳೆಗಳಲ್ಲಿ ಹುಲ್ಲು ಸೊಂಪಾಗಿ ಎದ್ದಿತು. ಬೋದೆ ಹುಲ್ಲು ಆಳೆತ್ತರಕ್ಕೆ ಬೆಳೆಯುವ ಜಾತಿ, ಒಳ್ಳೆಯ ಮುಂಗಾರು ಸಿಕ್ಕರೆ ಅದರೊಳಗೆ ಹೊಕ್ಕ ಕಾಟಿಯ ಬೆನ್ನೂ ಕಾಣುವುದಿಲ್ಲ. ಆಮೇಲೆ ಹಿಂಗಾರು ಕೈಕೊಟ್ಟಿತು. ಚಿತ್ತೆ, ಸ್ವಾತಿ, ವಿಶಾಖ ಮಳೆಗಳು, ಅಂದರೆ ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮೂರನೇ ವಾರದವರೆಗಿನವು, ಈ ಭಾಗದ ಕಾಡಿಗೆ ಬೇಸಿಗೆ ದಾಟಿಸುವ ಬುತ್ತಿ. ಗುಂಡ್ಲುಪೇಟೆ ಕಡೆಯ ಕಾಡು ಮಳೆ ನೆರಳಿನಲ್ಲಿದೆ. ಕೇರಳದ ಅಂಚಿನಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ದಾಟುವ ಮಳೆ ಪೂರ್ವದ ಅಂಚಿಗೆ ಬರುವಷ್ಟರಲ್ಲಿ ಏಳುನೂರರ ಆಸುಪಾಸಿಗೆ ಇಳಿಯುತ್ತದೆ, ಅದರಲ್ಲೂ ದೊಡ್ಡ ಪಾಲು ಹಿಂಗಾರಿನದು. ಅದು ತಪ್ಪಿದರೆ ಮುಂಗಾರಿನಲ್ಲಿ ಬೆಳೆದ ಹುಲ್ಲು ಡಿಸೆಂಬರಿಗೇ ಬಿಳಿಚುತ್ತದೆ, ಮರಗಳು ತಿಂಗಳು ಮೊದಲೇ ಎಲೆ ಉದುರಿಸುತ್ತವೆ. ಮುಂದಿನ ಮಳೆ ಏಪ್ರಿಲ್ ನಡುವಿನ ಅಶ್ವಿನಿಯದೋ ಅದರ ನಂತರದ ಭರಣಿಯದೋ. ನಡುವೆ ಐದು ತಿಂಗಳು.

ಬರ ಬಂದರೆ ಬೆಂಕಿ ಬರುತ್ತದೆ ಎಂಬ ಸರಳ ಮಾತು ಈ ಕಾಡಿಗೆ ಅರ್ಧ ಮಾತ್ರ ಸರಿ. ಬರಗಳಲ್ಲಿ ಎರಡು ಬಗೆ. ಮುಂಗಾರೇ ಸೋತ ವರ್ಷ ಹುಲ್ಲು ಬೆಳೆಯುವುದೇ ಕಡಿಮೆ. ಬೆಳೆದದ್ದನ್ನೂ ಜಿಂಕೆ, ಕಾಟಿ, ಅಂಚಿನೂರಿನ ದನಗಳು ಜನವರಿಯೊಳಗೆ ನೆಲಕ್ಕೆ ಮಟ್ಟ ಮೇಯ್ದಿರುತ್ತವೆ. ಅಲ್ಲಿ ಬೆಂಕಿ ಬಿದ್ದರೂ ಹಬ್ಬಲು ಹಾಸಿಗೆ ಇಲ್ಲ. ಮುಂಗಾರು ಗೆದ್ದು ಹಿಂಗಾರು ಸೋತ ವರ್ಷವೇ ಅಪಾಯದ ವರ್ಷ: ಉರುವಲು ಪೂರ್ತಿ, ತೇವ ಶೂನ್ಯ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಅದು ಮುಂಗಾರೇ ಸೋತ ಬರ. ಅಂಥ ವರ್ಷ ಕಾಡಿನ ಮೊದಲ ಸಂಕಟ ನೀರು: ಕೆರೆಕಟ್ಟೆ ಬತ್ತುತ್ತವೆ, ಸೌರ ಪಂಪಿನ ಕೊಳವೆಬಾವಿಗಳ ಸುತ್ತ ಆನೆಗಳ ಗುಂಪು ಜಮಾಯಿಸುತ್ತದೆ. ಬೆಂಕಿಯ ಸಂಕಟ ಅದರ ಬೆನ್ನಿಗೆ, ಬೇರೆ ದಾರಿಯಿಂದ ಬರುತ್ತದೆ.

ಆ ದಾರಿ ತರಗಿನದು. ನಮ್ಮ ಎಲೆಯುದುರುವ ಕಾಡಿನಲ್ಲಿ ತರಗೆಲೆ ವರ್ಷದಿಂದ ವರ್ಷಕ್ಕೆ ರಾಶಿಯಾಗುತ್ತಾ ಹೋಗುವುದಿಲ್ಲ. ದಿಂಡಿಗ, ಮತ್ತಿ, ತೇಗ, ತಡಸಲಿನ ಎಲೆಗಳು ಬಿದ್ದು ಒಂದೆರಡು ಮಳೆಗಾಲದೊಳಗೆ ಗೆದ್ದಲು, ಶಿಲೀಂಧ್ರಗಳ ಬಾಯಿಗೆ ಸೇರಿ ಮಣ್ಣಾಗುತ್ತವೆ. ದೂರದ ದೇಶಗಳ ಪೈನ್ ಕಾಡಿನಲ್ಲಿ ದಶಕಗಳ ತರಗು ಕೂತಿರುವಂತೆ ಇಲ್ಲಿ ಕೂತಿರುವುದಿಲ್ಲ. ಆದರೆ ಆ ಕರಗುವ ಕೆಲಸಕ್ಕೆ ತೇವ ಬೇಕು. ಮಳೆಗಾಲ ಎರಡು ತಿಂಗಳಿಗೆ ಮುಗಿದರೆ ಹಳೆಯ ತರಗು ಅರೆಬರೆ ಉಳಿಯುತ್ತದೆ, ಅದರ ಮೇಲೆ ಹೊಸದು ಬೀಳುತ್ತದೆ. ಬರದ ಮರುವರ್ಷ ಮಳೆ ಚೆನ್ನಾಗಿ ಬಂದು ಹುಲ್ಲೂ ಎದ್ದರೆ ಕಾಡಿನ ನೆಲದ ಮೇಲೆ ಎರಡು ವರ್ಷದ ಸರಕು ಇದ್ದಂತೆ. ಬರ ಮುಗಿಯಿತೆಂದು ನಿಟ್ಟುಸಿರು ಬಿಡುವ ಆ ಬೇಸಿಗೆಯಲ್ಲಿ ಕಾವಲು ಸಡಿಲವಾಗಬಾರದು.

ತರಗಿಗಿಂತ ದೊಡ್ಡ ಸರಕು ಲಂಟಾನ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಈ ಅಮೆರಿಕ ಖಂಡದ ಪೊದೆ ಇಂದು ದೇಶದ ಹುಲಿ ಕಾಡುಗಳಲ್ಲಿ ಶೇ 40ಕ್ಕೂ ಹೆಚ್ಚು ವಿಸ್ತೀರ್ಣದಲ್ಲಿ ಹಬ್ಬಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಅಳತೆ ಮಾಡಿದ ತುಣುಕುಗಳ ಪೈಕಿ ಸುಮಾರು ಶೇ 40ರಲ್ಲಿ ಲಂಟಾನ ಇತ್ತು. 2008ರಲ್ಲಿ ಅದೇ ತುಣುಕುಗಳನ್ನು ಮತ್ತೆ ಅಳೆದಾಗ ಸುಮಾರು ಶೇ 80ರಲ್ಲಿ ಸಿಕ್ಕಿತು. ಹನ್ನೊಂದೇ ವರ್ಷದಲ್ಲಿ ದುಪ್ಪಟ್ಟು.

ಲಂಟಾನ ಬೆಂಕಿಗೆ ಏಕೆ ಇಷ್ಟು ಅನುಕೂಲ ಎಂಬುದು ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತದೆ. ಹಸಿರಾಗಿ ಕಾಣುವ ಪೊದೆಯ ಒಳಗೆ ಕೈ ಹಾಕಿ ಸರಿಸಿದರೆ ಹೊರಗಿನ ಒಂದು ಪದರ ಮಾತ್ರ ಜೀವಂತ. ಒಳಗೆಲ್ಲ ಬೆರಳು ದಪ್ಪದ ಒಣ ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಂಡು, ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟುಕೊಂಡು, ಒಲೆಗೆ ಜೋಡಿಸಿಟ್ಟ ಪುಳ್ಳೆಯಂತೆ ನಿಂತಿರುತ್ತವೆ. ಹಿಂಗಾರು ಬಿದ್ದ ವರ್ಷ ಹೊರಪದರದ ಎಲೆ ಫೆಬ್ರುವರಿಯವರೆಗೂ ಹಸಿಯಾಗಿದ್ದು ಬೆಂಕಿಯನ್ನು ತಡೆಹಿಡಿಯುತ್ತದೆ. ಬರದ ವರ್ಷ ಆ ಎಲೆಯೂ ಜನವರಿಗೇ ಉದುರಿ ಪೊದೆ ಪೂರ್ತಿ ಒಣ ಸೌದೆ. ಮೊಣಕಾಲೆತ್ತರದಲ್ಲಿ ಸಾಗುತ್ತಿದ್ದ ನೆಲದ ಬೆಂಕಿ ಅದರೊಳಕ್ಕೆ ಹೊಕ್ಕರೆ ಜ್ವಾಲೆ ಮೂರು ನಾಲ್ಕು ಮೀಟರಿಗೆ ಏರುತ್ತದೆ, ಮರದ ಕೆಳಗೊಂಬೆಗಳನ್ನು ಹಿಡಿಯುತ್ತದೆ. ಹುಲ್ಲಿನ ಬೆಂಕಿಯನ್ನು ಸೊಪ್ಪಿನ ಬಡಿಗೆಯಿಂದ ಬಡಿದು ಆರಿಸಬಹುದು. ಲಂಟಾನದ ಬೆಂಕಿಯ ಹತ್ತಿರ ಮನುಷ್ಯ ನಿಲ್ಲುವುದಕ್ಕೇ ಆಗುವುದಿಲ್ಲ.

ಬಿದಿರಿನ ಕಥೆ ಬೇರೆ. ಹೆಬ್ಬಿದಿರು ಸುಮಾರು ನಾಲ್ಕು ದಶಕಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಅಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಸಾಯುತ್ತದೆ. 2010ರ ಆಚೀಚೆ ನಾಗರಹೊಳೆ–ಬಂಡೀಪುರ–ವಯನಾಡಿನಲ್ಲಿ ಹೀಗೇ ಆಯಿತು. 2012ರ ಮಾರ್ಚಿನಲ್ಲಿ ನಾಗರಹೊಳೆ ಹೊತ್ತಿದಾಗ ಸತ್ತ ಮೆಳೆಗಳು ಅದಕ್ಕೆ ಆಹಾರವಾದವು. ಬಿದಿರು ಉರಿಯುವಾಗ ಗೆಣ್ಣುಗಳ ನಡುವಿನ ಗಾಳಿ ಹಿಗ್ಗಿ ಗುಂಡು ಹೊಡೆದಂತೆ ಸಿಡಿಯುತ್ತದೆ, ಕೆಂಡದ ಚೂರುಗಳು ಇಪ್ಪತ್ತು ಮೂವತ್ತು ಮೀಟರ್ ಹಾರುವುದು ಅಪರೂಪವಲ್ಲ. ಹತ್ತು ಮೀಟರ್ ಅಗಲದ ಬೆಂಕಿ ರೇಖೆ ಅದರ ಮುಂದೆ ನಿಲ್ಲುವುದಿಲ್ಲ.

ಈಗ ಆ ಬೆಂಕಿ ರೇಖೆಯ ವಿಷಯ. ಕಾಡನ್ನು ತುಂಡುತುಂಡಾಗಿ ಭಾಗಿಸಿ, ಒಂದು ತುಂಡಿನ ಬೆಂಕಿ ಇನ್ನೊಂದಕ್ಕೆ ದಾಟದಂತೆ ನಡುವೆ ಬೋಳು ಪಟ್ಟಿ ಮಾಡುವುದು ಬ್ರಿಟಿಷರ ಕಾಲದಿಂದ ಬಂದ ಕ್ರಮ. ಹೆದ್ದಾರಿ, ಗಡಿ, ಒಳದಾರಿ, ವಲಯದ ಎಲ್ಲೆಗಳ ಉದ್ದಕ್ಕೂ ಐದರಿಂದ ಮೂವತ್ತು ಮೀಟರ್ ಅಗಲಕ್ಕೆ ಇದನ್ನು ತೆಗೆಯುತ್ತಾರೆ. ಕೆಲಸಕ್ಕೆ ಒಂದು ಕಟ್ಟುನಿಟ್ಟಾದ ಪಂಚಾಂಗ ಇದೆ. ನವೆಂಬರಿನಲ್ಲಿ ಹುಲ್ಲು ಇನ್ನೂ ಅರೆಹಸಿ ಇರುವಾಗಲೇ ಪಟ್ಟಿಯ ಒಳಗಿನದನ್ನು ಕೊಯ್ದು ಅಲ್ಲೇ ಹರಡಬೇಕು. ಹತ್ತು ಹದಿನೈದು ದಿನ ಬಿಸಿಲಿಗೆ ಬಿಟ್ಟರೆ ಕೊಯ್ದ ಹುಲ್ಲು ಒಣಗುತ್ತದೆ, ಬೇರು ಕಚ್ಚಿ ನಿಂತ ಪಕ್ಕದ ಹುಲ್ಲು ಹಸಿಯಾಗೇ ಇರುತ್ತದೆ. ಪಟ್ಟಿಯ ಎರಡೂ ಅಂಚಿನಲ್ಲಿ ಒಂದೊಂದು ಮೀಟರ್ ಮಣ್ಣು ಕಾಣುವಂತೆ ಗುಡಿಸಿ, ಸಂಜೆ ಬಿಸಿಲಿಳಿದ ಮೇಲೆ ಅಥವಾ ಬೆಳಗ್ಗೆ ಇಬ್ಬನಿ ಆರುವ ಹೊತ್ತಿಗೆ, ಗಾಳಿಗೆ ಎದುರಾಗಿ ಸುಡಬೇಕು. ಬೆಂಕಿ ಪಟ್ಟಿಯೊಳಗಿನ ಒಣ ಹುಲ್ಲನ್ನು ತಿಂದು ಅಂಚಿನ ಹಸಿ ಹುಲ್ಲಿಗೆ ಬಂದು ತಾನೇ ಸಾಯುತ್ತದೆ. ಇಡೀ ಉಪಾಯ ನಿಂತಿರುವುದು ಈ ಹಸಿ–ಒಣದ ಅಂತರದ ಮೇಲೆ.

ಹಣ ತಡವಾಗಿ ಬಿಡುಗಡೆಯಾಗಿ, ಕೂಲಿಯಾಳು ಸಿಗದೆ, ಕೆಲಸ ಜನವರಿ ಕೊನೆಗೆ ಜಾರಿದರೆ ಆ ಅಂತರವೇ ಅಳಿಸಿಹೋಗಿರುತ್ತದೆ. ಪಟ್ಟಿಯೂ ಒಣ, ಪಕ್ಕವೂ ಒಣ. ಆಗ ರೇಖೆ ಸುಡಲು ಹಚ್ಚಿದ ಬೆಂಕಿಯೇ ಕೈಮೀರಬಹುದು. ಹಿಂಗಾರು ಸೋತ ವರ್ಷ ಈ ಪಂಚಾಂಗ ಮೂರು ವಾರ ಮುಂಚಿತವಾಗಿ ಶುರುವಾಗಬೇಕು. ನವೆಂಬರಿನ ಕೆಲಸ ಅಕ್ಟೋಬರ್ ಕೊನೆಗೇ ಶುರುವಾಗಬೇಕು. ಟೆಂಡರು, ಅಂದಾಜುಪಟ್ಟಿ, ಮಂಜೂರಾತಿಗಳು ಮಾತ್ರ ಮಳೆ ನೋಡಿ ಓಡುವುದಿಲ್ಲ, ತಮ್ಮ ತಾರೀಖಿಗೇ ಓಡುತ್ತವೆ. ಇಡೀ ವ್ಯವಸ್ಥೆಯಲ್ಲಿ ತಕ್ಷಣ ಸರಿಪಡಿಸಬಹುದಾದ ಒಂದು ಸಂಗತಿ ಇದ್ದರೆ ಅದು ಇದೇ.

ಸರಿಯಾದ ಹೊತ್ತಿಗೆ ಸುಟ್ಟ ರೇಖೆಯೂ ಕೆಡುತ್ತದೆ. ಡಿಸೆಂಬರಿನಲ್ಲಿ ಮಣ್ಣು ಕಾಣುವಂತೆ ಸುಟ್ಟ ಪಟ್ಟಿಯ ಮೇಲೆ ಜನವರಿ–ಮಾರ್ಚಿನಲ್ಲಿ ಆಚೀಚೆಯ ಮರಗಳು ಎಲೆ ಉದುರಿಸುತ್ತವೆ. ತೇಗದ ಎಲೆಯಂತೂ ಮೊರದಗಲ, ನಾಲ್ಕು ಎಲೆ ಬಿದ್ದರೆ ಒಂದು ಸೇತುವೆ. ಫೆಬ್ರುವರಿ ನಡುವಿನ ಹೊತ್ತಿಗೆ ಕಾಗದದಲ್ಲಿ ಬೆಂಕಿ ರೇಖೆ ಎಂದು ಇರುವುದು ನೆಲದಲ್ಲಿ ತರಗಿನ ಹಾದಿಯಾಗಿರುತ್ತದೆ. ಆದ್ದರಿಂದ ಫೆಬ್ರುವರಿಯಿಂದ ಎಂಟು ಹತ್ತು ದಿನಕ್ಕೊಮ್ಮೆ ಪಟ್ಟಿಯನ್ನು ಮತ್ತೆ ಗುಡಿಸಲೇಬೇಕು. ಪೆಟ್ರೋಲ್ ಬ್ಲೋವರುಗಳು ಬಂದ ಮೇಲೆ ಈ ಕೆಲಸ ಹಗುರಾಗಿದೆ. ಆದರೆ ಬ್ಲೋವರ್ ಎಲೆಯನ್ನು ಅಂಚಿಗೆ ದೂಡಿ ಅಲ್ಲಿ ಮೊಣಕಾಲುದ್ದದ ದಿಬ್ಬ ಮಾಡುತ್ತದೆ, ಬೆಂಕಿ ಬಂದಾಗ ಆ ದಿಬ್ಬವೇ ಜ್ವಾಲೆಯನ್ನು ಎತ್ತರಿಸುತ್ತದೆ. ಎಲೆಯನ್ನು ಕಾಡಿನೊಳಕ್ಕೆ ಚದುರಿಸಬೇಕು, ಅಂಚಿನಲ್ಲಿ ಒಟ್ಟಬಾರದು. ರೇಖೆಯ ಬದಿಯಲ್ಲಿ ಒಣಗಿ ನಿಂತ ಕೊರಡುಗಳನ್ನೂ ಆಗಲೇ ಉರುಳಿಸಿ ದೂರ ಸರಿಸಿಡಬೇಕು. ಹೊತ್ತಿಕೊಂಡ ಕೊರಡು ಎರಡು ಮೂರು ದಿನ ಒಳಗೊಳಗೇ ಉರಿದು, ಎಲ್ಲರೂ ಮನೆಗೆ ಹೋದ ಮೇಲೆ ರೇಖೆಗೆ ಅಡ್ಡಲಾಗಿ ಬೀಳುತ್ತದೆ.

ಕಿಡಿಯ ಮೂಲಕ್ಕೆ ಬರೋಣ. ಬಿದಿರು ಬಿದಿರು ತಿಕ್ಕಿ ಬೆಂಕಿ ಹುಟ್ಟುತ್ತದೆ ಎಂಬ ಮಾತು ಶಾಲೆಯ ಪಾಠದಿಂದ ಬಂದದ್ದು, ಈ ಕಾಡುಗಳಲ್ಲಿ ಅದಕ್ಕೆ ಆಧಾರ ಸಿಗುವುದಿಲ್ಲ. ಸಿಡಿಲು ಬರುವುದು ಏಪ್ರಿಲ್–ಮೇ ಮಳೆಯ ಜೊತೆಗೇ. ಉಳಿದದ್ದು ಮನುಷ್ಯ. ಹೆದ್ದಾರಿಯಲ್ಲಿ ಎಸೆದ ಬೀಡಿ ಸಿಗರೇಟು, ಉದುರಿದ ಜಿಂಕೆಕೊಂಬು ಕಾಣಲೆಂದು ತರಗು ಸುಡುವುದು, ಮೊದಲ ಮಳೆಗೆ ಹೊಸ ಹುಲ್ಲು ಬರಲೆಂದು ದನಗಾಹಿ ಹಚ್ಚುವುದು, ಜೇನು ಕೊಯ್ಯುವ ಪಂಜು, ಇಲಾಖೆಯ ಮೇಲಿನ ಸಿಟ್ಟು. ಬೇಕೆಂದೇ ಹಚ್ಚುವವರು ಬಳಸುವ ಒಂದು ಉಪಾಯ ಕಾವಲುಗಾರರಿಗೆ ಚೆನ್ನಾಗಿ ಗೊತ್ತು: ಒಣಗಿದ ಆನೆ ಲದ್ದಿ. ಲದ್ದಿಯೆಂದರೆ ಅರ್ಧ ಜೀರ್ಣವಾದ ನಾರಿನ ಉಂಡೆ. ಅದಕ್ಕೆ ಕೆಂಡ ತಾಗಿಸಿದರೆ ಜ್ವಾಲೆಯಿಲ್ಲದೆ, ಹೆಚ್ಚು ಹೊಗೆಯೂ ಇಲ್ಲದೆ ಗಂಟೆಗಟ್ಟಲೆ ಕಾಯುತ್ತದೆ. ಮಧ್ಯಾಹ್ನದ ಗಾಳಿ ಎದ್ದಾಗ ಸುತ್ತಲಿನ ಹುಲ್ಲಿಗೆ ಹೊತ್ತಿಸುತ್ತದೆ. ಅಷ್ಟರಲ್ಲಿ ಇಟ್ಟವನು ಹತ್ತು ಕಿಲೋಮೀಟರ್ ಆಚೆ. ಬೆಂಕಿ ಆರಿಸಿದ ಜಾಗದಲ್ಲೂ ಮತ್ತೆ ಹೊತ್ತಿಕೊಳ್ಳಲು ಎಷ್ಟೋ ಸಲ ಇಂಥ ಲದ್ದಿಯ ಉಂಡೆಯೇ ಕಾರಣ.

ಅಂಚಿನೂರಿನ ಸಿಟ್ಟು ಬರದ ವರ್ಷ ಹೆಚ್ಚುವುದಕ್ಕೆ ಲೆಕ್ಕ ಇದೆ. ಹೊಲದಲ್ಲಿ ಜೋಳ, ರಾಗಿ ಹುಲ್ಲು ಬರಲಿಲ್ಲವೆಂದರೆ ದನಕ್ಕೆ ಮೇವು ಕಾಡಿನಲ್ಲೇ. ಕಾಡಿನಲ್ಲಿ ನೀರಿಲ್ಲವೆಂದರೆ ಆನೆ ಊರಿನ ಬಾಳೆ, ಕಬ್ಬಿಗೆ ಬರುತ್ತದೆ. ದನ ಬಿಡಬೇಡಿ ಎಂದು ಇಲಾಖೆ ತಡೆಯುವುದೂ, ಆನೆ ತುಳಿದ ಬೆಳೆಗೆ ಪರಿಹಾರ ಸಿಗದೆ ಅಲೆಯುವುದೂ ಒಂದೇ ತಿಂಗಳಲ್ಲಿ ನಡೆಯುತ್ತವೆ. ಜನವರಿಗೆ ಮೊದಲೇ ಕಾಡಂಚಿನ ಗ್ರಾಮ ಪಂಚಾಯಿತಿಗಳಲ್ಲಿ ಮೇವಿನ ಬ್ಯಾಂಕ್ ತೆರೆಯುವುದು, ಬೆಳೆ ಪರಿಹಾರದ ಬಾಕಿಯನ್ನು ಬೇಸಿಗೆಗೆ ಮುಂಚೆ ತೀರಿಸುವುದು, ಊರಿನವರನ್ನೇ ಫೈರ್ ವಾಚರ್‌ಗಳಾಗಿ ತೆಗೆದುಕೊಂಡು ಅವರ ಕೂಲಿಯನ್ನು ತಿಂಗಳಿಗೆ ಸರಿಯಾಗಿ ಕೊಡುವುದು – ಇವು ಬೆಂಕಿ ತಡೆಯ ಕೆಲಸಗಳೇ. ಹೆಲಿಕಾಪ್ಟರಿಗಿಂತ ಎಷ್ಟೋ ಅಗ್ಗ.

ಹೆಲಿಕಾಪ್ಟರಿನ ಲೆಕ್ಕವನ್ನೂ ಮಾಡಿಬಿಡೋಣ. ಒಂದು ಸಲಕ್ಕೆ ಸುಮಾರು 3,000 ಲೀಟರ್. ಹುಲ್ಲು ತರಗಿನ ಬೆಂಕಿ ನಿಲ್ಲಲು ಒಂದು ಚದರ ಮೀಟರಿಗೆ ಎರಡು ಲೀಟರ್ ಬೇಕೆಂದುಕೊಂಡರೆ, ಐದು ಮೀಟರ್ ಅಗಲದ ಪಟ್ಟಿಯಲ್ಲಿ ಅದು ನೆನೆಸುವುದು 300 ಮೀಟರ್ ಉದ್ದ. ಕೊಂಬೆಗಳು ತಡೆದದ್ದು, ಗಾಳಿಗೆ ಹಾರಿದ್ದು ಕಳೆದರೆ ಇನ್ನೂ ಕಡಿಮೆ. ಹತ್ತಾರು ಕಿಲೋಮೀಟರ್ ಉದ್ದದ ಬೆಂಕಿ ಅಂಚಿಗೆ ಇದು ಉತ್ತರವಲ್ಲ. ಕಾಲು ಇಡಲಾಗದ ಕಡಿದಾದ ಇಳಿಜಾರಿನಲ್ಲಿ ಬೆಂಕಿಯ ತಲೆಯನ್ನು, ಅಂದರೆ ಮುನ್ನುಗ್ಗುವ ಅಂಚನ್ನು, ತಗ್ಗಿಸಿ, ನೆಲದ ತಂಡಕ್ಕೆ ಒಂದರ್ಧ ಗಂಟೆ ಕೊಡುವುದು ಅದರ ನಿಜವಾದ ಉಪಯೋಗ.

ಉಪಗ್ರಹದ ಎಚ್ಚರಿಕೆಯ ಮಿತಿಯೂ ಗೊತ್ತಿರಬೇಕು. ಭಾರತೀಯ ಅರಣ್ಯ ಸರ್ವೇಕ್ಷಣೆ ಮೋಡಿಸ್ ಮತ್ತು ವಿಐಐಆರ್‌ಎಸ್ ಎಂಬ ಸಂವೇದಕಗಳ ಮಾಹಿತಿಯಿಂದ ಬೀಟ್ ಮಟ್ಟದವರೆಗೆ, ಅಂದರೆ ಒಬ್ಬ ಅರಣ್ಯ ರಕ್ಷಕರ ಕಾವಲಿನ ತುಂಡಿನವರೆಗೆ, ಎಸ್‌ಎಂಎಸ್ ಕಳಿಸುತ್ತದೆ. ಮೋಡಿಸ್‌ನ ಒಂದು ಚುಕ್ಕೆ ಒಂದು ಕಿಲೋಮೀಟರ್ ಚೌಕ, ಅಂದರೆ ಸುಮಾರು 247 ಎಕರೆ. ವಿಐಐಆರ್‌ಎಸ್‌ನದು 375 ಮೀಟರ್ ಚೌಕ, ಸುಮಾರು 35 ಎಕರೆ. ಸಂದೇಶದಲ್ಲಿ ಬರುವ ಅಕ್ಷಾಂಶ–ರೇಖಾಂಶ ಆ ಚೌಕದ ನಡುಬಿಂದು, ಬೆಂಕಿ ಅಲ್ಲಿಂದ ನೂರಾರು ಮೀಟರ್ ಆಚೆ, ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಇರಬಹುದು. ಹೊತ್ತಿನದು ಇನ್ನೂ ದೊಡ್ಡ ತೊಡಕು. ವಿಐಐಆರ್‌ಎಸ್ ಹೊತ್ತ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಮೂರು ಗಂಟೆಗೆ ಬಿದ್ದ ಕಿಡಿಯನ್ನು ಅವು ನೋಡುವುದು ಮಧ್ಯರಾತ್ರಿಯ ನಂತರ. ಆ ಹತ್ತು ಗಂಟೆಯಲ್ಲಿ ಬೆಂಕಿ ತನಗೆ ಬೇಕಾದ್ದನ್ನೆಲ್ಲ ಮಾಡಿ ಮುಗಿಸಿರುತ್ತದೆ. ಕಾವಲು ಗೋಪುರದಲ್ಲಿ ಕೂತು ಹೊಗೆಯ ಬಣ್ಣ ನೋಡುವ ಕಣ್ಣಿಗೆ ಇನ್ನೂ ಬದಲಿ ಬಂದಿಲ್ಲ. ಬಿಳಿ ಹೊಗೆ ಹುಲ್ಲು ತರಗಿನದು, ಕಪ್ಪಾಗಿ ಸುರುಳಿ ಸುತ್ತಿ ಏಳುವುದು ಲಂಟಾನದ್ದು.

ಆ ದಿನದ ಅಪಾಯ ಅಳೆಯಲು ಯಂತ್ರವೂ ಬೇಕಿಲ್ಲ. ಮಧ್ಯಾಹ್ನ ಒಂದು ಹಿಡಿ ತರಗೆಲೆ ತೆಗೆದು ಹಿಸುಕಿದಾಗ ಬಾಗಿದರೆ ತೇವ ಉಳಿದಿದೆ. ಸದ್ದು ಮಾಡಿ ಮುರಿದರೆ ಎಚ್ಚರ ಬೇಕು. ಅಂಗೈಯಲ್ಲಿ ಪುಡಿಯಾದರೆ ಆ ದಿನ ಸಣ್ಣ ಕಿಡಿಯೂ ಸಾಕು. ಒಣ ಹುಲ್ಲಿನಲ್ಲಿ ತೇವಾಂಶ ಶೇ 20–25 ದಾಟಿದರೆ ಬೆಂಕಿ ಹಿಡಿಯುವುದಿಲ್ಲ. ಮಾರ್ಚಿನ ಮಧ್ಯಾಹ್ನ ಅದು ಶೇ 5ರ ಹತ್ತಿರಕ್ಕೆ ಇಳಿದಿರುತ್ತದೆ, ನಸುಕಿನಲ್ಲಿ ಅದರ ಎರಡು ಮೂರು ಪಟ್ಟಿಗೆ ಏರಿರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗೊಂದರಂತೆ ಸುಮಾರು 6,500 ಇವೆ. ಐದು ಮಿಲಿಮೀಟರಿಗೆ ಮೀರಿದ ಕೊನೆಯ ಮಳೆ ಬಿದ್ದು ಎಷ್ಟು ದಿನವಾಯಿತು ಎಂಬ ಒಂದೇ ಅಂಕಿಯನ್ನು ವಲಯವಾರು ಪ್ರತಿ ಸೋಮವಾರ ಕಚೇರಿಯ ಗೋಡೆಗೆ ಬರೆದಿಟ್ಟರೂ ವಾಚರುಗಳನ್ನು ಯಾವ ಕಡೆ ಹೆಚ್ಚು ನಿಲ್ಲಿಸಬೇಕೆಂಬುದು ತಿಳಿಯುತ್ತದೆ.

ಬೆಂಕಿಯ ಎದುರು ನಿಂತವರ ಜೀವ ಹೋಗುವುದು ಬಹುತೇಕ ಎರಡು ಕಡೆ: ಗುಡ್ಡದ ಮೇಲುಗಡೆ, ಮತ್ತು ಗಾಳಿ ತಿರುಗಿದಾಗ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಮೇಲಕ್ಕೇರುವ ಬೆಂಕಿಯ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಇಪ್ಪತ್ತು ಡಿಗ್ರಿ ಇಳಿಜಾರಿನಲ್ಲಿ ಸಮತಟ್ಟಿನ ನಾಲ್ಕು ಪಟ್ಟು. ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್ ಎತ್ತರದ್ದು, ಮಗ್ಗುಲೆಲ್ಲ ಹುಲ್ಲು. ಅಂಥಲ್ಲಿ ಮೇಲೆ ನಿಂತು ಬರುವ ಬೆಂಕಿಯನ್ನು ಎದುರಿಸುವುದು ಆತ್ಮಹತ್ಯೆಗೆ ಸಮ. 2017ರ ಫೆಬ್ರುವರಿಯಲ್ಲಿ ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಜ್ವಾಲೆಗೆ ಸಿಕ್ಕಿ ತೀರಿಕೊಂಡರು. ಅವರ ಸಾವಿನ ನಂತರವೂ ಎಷ್ಟೋ ಕಡೆ ತಂಡಗಳು ಬೆಂಕಿಗೆ ಇಳಿಯುವುದು ಪಾಲಿಯೆಸ್ಟರ್ ಸಮವಸ್ತ್ರದಲ್ಲೇ. ಅದು ಸುಡುವುದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟುತ್ತದೆ. ದಪ್ಪ ಹತ್ತಿಯ ಬಟ್ಟೆ, ಚರ್ಮದ ಬೂಟು, ಆಳಿಗೆ ನಾಲ್ಕೈದು ಲೀಟರ್ ಕುಡಿಯುವ ನೀರು – ಇಷ್ಟನ್ನು ಕೊಡದೆ ಯಾರನ್ನೂ ಕಳಿಸಬಾರದು.

ಕೆಲಸದ ಕ್ರಮ ಹೀಗೆ. ಬೆಂಕಿಯ ತಲೆಗೆ ಹೋಗದೆ ಬಾಲದಿಂದ ಶುರುಮಾಡಿ, ಎರಡೂ ಮಗ್ಗುಲುಗಳನ್ನು ಆರಿಸುತ್ತಾ ತಲೆಯನ್ನು ಕಿರಿದಾಗಿಸಬೇಕು. ಒಂದು ಕಾಲು ಯಾವತ್ತೂ ಸುಟ್ಟು ಕಪ್ಪಾದ ನೆಲದ ಮೇಲಿರಬೇಕು, ಗಾಳಿ ತಿರುಗಿದರೆ ಓಡಬೇಕಾದದ್ದು ಅಲ್ಲಿಗೇ. ಹಸಿ ಸೊಪ್ಪಿನಿಂದ ಬಡಿಯುವಾಗ ಮೇಲೆತ್ತಿ ಹೊಡೆದರೆ ಕಿಡಿ ಹಾರುತ್ತದೆ, ಒತ್ತಿ ಒಳಕ್ಕೆ ಎಳೆಯಬೇಕು. ತಲೆ ದೊಡ್ಡದಿದ್ದರೆ ಎದುರು ಬೆಂಕಿ: ಮುಂದಿನ ದಾರಿಯನ್ನೋ ಹಳ್ಳವನ್ನೋ ಆಧಾರ ಮಾಡಿಕೊಂಡು, ಬರುವ ಬೆಂಕಿ ಗಾಳಿಯನ್ನು ತನ್ನತ್ತ ಸೆಳೆಯತೊಡಗಿದ ಹೊತ್ತಿಗೆ ಹಚ್ಚಬೇಕು. ಬೇಗ ಹಚ್ಚಿದರೆ ನಮ್ಮ ಬೆಂಕಿ ನಮ್ಮ ಮೇಲೆಯೇ ತಿರುಗುತ್ತದೆ, ತಡವಾದರೆ ಪಟ್ಟಿ ಸಾಲುವುದಿಲ್ಲ. ಜೇನು ಕುರುಬ, ಬೆಟ್ಟ ಕುರುಬ, ಸೋಲಿಗ ಹಿರಿಯರಲ್ಲಿ ಈ ಹೊತ್ತು ಗುರುತಿಸುವ ಅನುಭವ ಇದೆ. ತರಬೇತಿ ಶಿಬಿರಗಳಲ್ಲಿ ಅವರು ಕಲಿಯುವವರ ಸಾಲಿನಲ್ಲಿ ಕೂತಿರುತ್ತಾರೆ. ಕಲಿಸುವ ಜಾಗದಲ್ಲಿರಬೇಕಾದವರು ಅವರು.

ಆರಿದ ಮೇಲಿನ ಕೆಲಸವನ್ನು ಸುಸ್ತಾದ ತಂಡ ಬಿಟ್ಟುಬಿಡುವುದೇ ಹೆಚ್ಚು. ಅಂಚಿನಿಂದ ಮೂವತ್ತು ಮೀಟರ್ ಒಳಗಿನವರೆಗೆ ಪ್ರತಿ ದಿಮ್ಮಿ, ಕೊರಡು, ಲದ್ದಿಯನ್ನು ತಿರುವಿ ನೋಡಬೇಕು. ಬೂದಿಯ ಮೇಲೆ ಕೈಯ ಹಿಂಬದಿ ಹಿಡಿದು ಬಿಸಿ ಇದೆಯೇ ಪರೀಕ್ಷಿಸಿ ಮಣ್ಣು ಮುಚ್ಚಬೇಕು. ಮುಂದಿನ 48 ಗಂಟೆ, ಅದರಲ್ಲೂ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ, ಅಲ್ಲೇ ಇಬ್ಬರು ಉಳಿಯಬೇಕು. ನಿನ್ನೆ ಆರಿಸಿದ್ದು ಇಂದು ಮತ್ತೆ ಹೊತ್ತಿತು ಎಂಬ ಸುದ್ದಿಗಳ ಹಿಂದೆ ಹೊಸ ಕಿಡಿಗಿಂತ ಹಳೆಯ ಕೆಂಡವೇ ಹೆಚ್ಚು.

ಬೆಂಕಿಯನ್ನು ಪೂರ್ತಿ ಹೊರಗಿಡುವುದೇ ಗುರಿಯಾಗಬೇಕೇ ಎಂಬ ದೊಡ್ಡ ವಾದ ಇದರ ಹಿಂದೆ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಜನವರಿಯ ಸುಮಾರಿಗೆ, ನೆಲದಲ್ಲಿ ತೇವ ಉಳಿದಿರುವಾಗಲೇ, ತರಗಿಗೆ ಮಂದ ಬೆಂಕಿ ಹಾಕುತ್ತಿದ್ದರು. ಅದಕ್ಕೆ ಅವರ ಹೆಸರು ತರಗು ಬೆಂಕಿ. ಪಾದದೆತ್ತರದ ಜ್ವಾಲೆ, ಕಾಲಿನಿಂದ ದಾಟಬಹುದಾದಂಥದ್ದು. ಅದು ಲಂಟಾನದ ಸಸಿಗಳನ್ನು ಎಳೆಯದರಲ್ಲೇ ಸುಡುತ್ತಿತ್ತು, ನೆಲ್ಲಿ ಮರದ ಬಂದಳಿಕೆಯನ್ನು ಹತೋಟಿಯಲ್ಲಿಡುತ್ತಿತ್ತು ಎನ್ನುವುದು ಅವರ ಅನುಭವ. 1972ರ ವನ್ಯಜೀವಿ ಕಾಯ್ದೆ, 1974ರಲ್ಲಿ ಬೆಟ್ಟ ಅಭಯಾರಣ್ಯವಾದದ್ದು, ಇವುಗಳ ನಂತರ ಆ ಪದ್ಧತಿ ನಿಂತಿತು. ಬೆಂಕಿ ನಿಲ್ಲಿಸಿದ್ದರಿಂದಲೇ ಲಂಟಾನ ಹೆಚ್ಚಿತು ಎಂಬ ಅವರ ಮಾತನ್ನು ಸಂಶೋಧಕರೂ ಗಂಭೀರವಾಗಿ ತೆಗೆದುಕೊಂಡಿದ್ದಾರೆ.

ಎದುರು ವಾದಕ್ಕೂ ತೂಕವಿದೆ. ಪಕ್ಕದ ಮುದುಮಲೆಯ ಹಳೆಯ ನಕ್ಷೆಗಳನ್ನು ಅಳೆದವರು ಕಂಡಂತೆ, 1909–1921ರ ನಡುವೆ ಸರಾಸರಿ ಹತ್ತು ವರ್ಷಕ್ಕೊಮ್ಮೆ ಸುಡುತ್ತಿದ್ದ ಕಾಡು 1989–2002ರ ನಡುವೆ ಸುಮಾರು ಮೂರೂಕಾಲು ವರ್ಷಕ್ಕೊಮ್ಮೆ ಸುಟ್ಟಿದೆ. ಮೂರು ವರ್ಷದಲ್ಲಿ ಹೊನ್ನೆ, ಬೀಟೆಯ ಸಸಿ ಬೆಂಕಿ ತಾಳುವಷ್ಟು ದಪ್ಪ ತೊಗಟೆ ಕಟ್ಟುವುದಿಲ್ಲ. ದೊಡ್ಡ ಮರ ನಿಂತಿರುತ್ತದೆ, ಕೆಳಗೆ ಮಕ್ಕಳಿರುವುದಿಲ್ಲ. ನನಗೆ ಸರಿಯೆನಿಸುವುದು ಇದು: ತರಗು ಬೆಂಕಿಯ ಜ್ಞಾನ ನಿಜ, ಆದರೆ ಅದು ಲಂಟಾನ ಆಳೆತ್ತರ ಬೆಳೆಯುವ ಮುಂಚಿನ ಕಾಡಿನದು. ಇಂದಿನ ಪೊದೆಗೆ ಜನವರಿಯಲ್ಲಿ ಹಚ್ಚಿದರೂ ಅದು ಮಂದ ಬೆಂಕಿಯಾಗಿ ಉಳಿಯುವುದಿಲ್ಲ. ಮೊದಲು ಲಂಟಾನ ಹೋಗಬೇಕು, ಹುಲ್ಲು ಮರಳಬೇಕು, ಆಮೇಲೆ ಸಣ್ಣ ತುಣುಕುಗಳಲ್ಲಿ, ಸರದಿಯ ಮೇಲೆ, ಸೋಲಿಗರ ಮುಂದಾಳತ್ವದಲ್ಲಿ ಬೇಗನೆಯ ಬೆಂಕಿಯನ್ನು ಪ್ರಯೋಗಿಸಬೇಕು. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿರುವುದರಿಂದ ಅವರನ್ನು ಬಿಟ್ಟು ಈ ತೀರ್ಮಾನ ಮಾಡುವಂತೆಯೂ ಇಲ್ಲ. ರೇಖೆಗಳಲ್ಲಿ ಇಲಾಖೆಯೇ ಪ್ರತಿ ವರ್ಷ ಸುಡುತ್ತಿದೆ, ಆದ್ದರಿಂದ ಕಾನೂನು ಅಡ್ಡ ಎಂಬ ಮಾತಿಗೂ ಹೆಚ್ಚು ಬಲವಿಲ್ಲ.

ಲಂಟಾನ ತೆಗೆಯುವುದಕ್ಕೆ ಒಂದು ಒಳ್ಳೆಯ ಹೊತ್ತು ಬೆಂಕಿ ಬಿದ್ದ ಕಾಡಿನಲ್ಲೇ ಇದೆ, ಅದನ್ನು ನಾವು ಪ್ರತಿ ಸಲ ಕಳೆದುಕೊಳ್ಳುತ್ತಿದ್ದೇವೆ. ಬೆಂಕಿ ಪೊದೆಯ ಮೇಲ್ಭಾಗವನ್ನು ಸುಡುತ್ತದೆ, ಬೇರನ್ನು ಕೊಲ್ಲುವುದಿಲ್ಲ. ಅಶ್ವಿನಿ, ಭರಣಿ ಮಳೆ ಬಿದ್ದ ಎರಡು ವಾರಕ್ಕೆ ಬುಡದಿಂದ ಕೆಂಪು ಚಿಗುರು ಏಳುತ್ತದೆ. ಆಗ ಒಳಗೆ ನುಗ್ಗಲು ಮುಳ್ಳಿನ ಗೋಡೆ ಇಲ್ಲ, ಮಣ್ಣು ಮೆದು, ಪ್ರತಿ ಬುಡವೂ ಕಣ್ಣಿಗೆ ಕಾಣುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ಕ್ರಮದಲ್ಲಿ ನೆಲದಿಂದ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ, ಬುಡವನ್ನು ತಲೆಕೆಳಗಾಗಿ ಇಟ್ಟುಬಿಡುತ್ತಾರೆ. ಗುಂಡಿ ತೋಡುವುದಿಲ್ಲ, ಮಣ್ಣು ಕದಡಿದರೆ ಒಳಗಿದ್ದ ಬೀಜಗಳೆಲ್ಲ ಮೊಳೆಯುತ್ತವೆ. ಗಿಡ ಹೂಬಿಟ್ಟು ಕಾಯಿಕಟ್ಟುವ ಮುಂಚೆ ಇದು ಮುಗಿಯಬೇಕು, ಪಿಕಳಾರಗಳು ಆ ಹಣ್ಣು ತಿಂದು ಬೀಜ ಹರಡಿದ ಮೇಲೆ ಕಿತ್ತೂ ಪ್ರಯೋಜನ ಕಡಿಮೆ. ಎರಡು ಮೂರು ಮಳೆಗಾಲ ಅದೇ ಜಾಗಕ್ಕೆ ಮರಳಿ ಸಸಿಗಳನ್ನು ಕೀಳಬೇಕು, ಸ್ಥಳೀಯ ಹುಲ್ಲಿನ ಬೀಜ ಎರಚಬೇಕು. ಸುಟ್ಟ ಕಾಡಿನ ನಕ್ಷೆ ಮಾರ್ಚಿನಲ್ಲೇ ತಯಾರಿರುತ್ತದೆ. ಬೇಸಿಗೆಯ ವಾಚರುಗಳನ್ನು ಮೊದಲ ಮಳೆಗೇ ಮನೆಗೆ ಕಳಿಸದೆ, ಆ ನಕ್ಷೆ ಕೈಗೆ ಕೊಟ್ಟು ಇನ್ನೆರಡು ತಿಂಗಳು ಉಳಿಸಿಕೊಂಡರೆ ಭರಣಿಯಿಂದ ಮೃಗಶಿರಾ ಮಳೆಯವರೆಗೆ ಈ ಕೆಲಸಕ್ಕೆ ಆರೇಳು ವಾರ ಸಿಗುತ್ತವೆ.